ಮನೆಯಲ್ಲೇ ಕೂತು ಡಚ್ ಕಲಿಯುವವರಿಗೆ: ಭಾಷೆ, ನಡವಳಿಕೆ, ದಿನಚರಿ, ಯಾವುದರ ನಂತರ ಯಾವುದು

ಮುನ್ನೂರು ದಿನ ಒಂದೂ ತಪ್ಪಿಸದೆ ಮೊಬೈಲ್ ಆ್ಯಪ್‌ನಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಭಾಷೆಯಾದ ಡಚ್ ಕಲಿತಿರುತ್ತಾರೆ. ಆಮೆ ಹಾಲು ಕುಡಿಯುತ್ತದೆ, ಹುಡುಗಿ ಸೇಬು ತಿನ್ನುತ್ತಾಳೆ ಅಂತೆಲ್ಲ ತಪ್ಪಿಲ್ಲದೆ ಬರೆಯುತ್ತಾರೆ. ಆಮೇಲೊಂದು ದಿನ ಅಲ್ಲಿನ ಐಂಡ್‌ಹೋವನ್‌ನಿಂದ ಯಾರೋ ಫೋನ್ ಮಾಡಿ ಎರಡು ಮಾತಾಡಿದರೆ ಒಂದಕ್ಷರವೂ ತಲೆಗೆ ಹೋಗುವುದಿಲ್ಲ. ಗಂಡನ ಕೆಲಸದ ಊರಿಗೆ ಹೊರಟವರು, ಡೆಲ್ಫ್ಟ್‌ಗೆ ಓದಲು ಹೊರಟವರು, ಸುಮ್ನೆ ಆಸಕ್ತಿಗೆ ಶುರು ಮಾಡಿದವರು, ಎಲ್ಲರೂ ನನ್ನ ಹತ್ತಿರ ಹೇಳಿಕೊಳ್ಳುವುದು ಇದೇ ಕತೆ.

ಶ್ರಮ ಕಡಿಮೆ ಆಗಿದ್ದಲ್ಲ. ಕ್ರಮ ತಪ್ಪಿದ್ದು. ಮೊದಲು ಪದ, ಆಮೇಲೆ ವ್ಯಾಕರಣ, ಕಿವಿ ಮತ್ತು ನಡವಳಿಕೆ ಮಾತ್ರ "ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯ್ತು" ಅಂತ ಬಿಟ್ಟಿರುತ್ತಾರೆ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಡಚ್ಚಿಗೆ ಹೋಗುತ್ತಾರೆ. ಪಕ್ಕದ ಬೀದಿಗೆ ಎರಡು ಬಸ್ಸು ಬದಲಾಯಿಸಿ ಹೋದ ಹಾಗೆ. ನಾನು ಮೈಸೂರಿನ ಮನೆಯಲ್ಲಿ ಕೂತು ಒಂದೂವರೆ ವರ್ಷ ಕಲಿತವನು, ಕೆಳಗೆ ಬರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ನನ್ನವೇ.

## ಶುರು ಮಾಡುವ ಮೊದಲು ಬೇಕಾದ ಸಾಮಾನು

ಕಿವಿಗೆ ಸರಿಯಾಗಿ ಕೂರುವ ಹೆಡ್‌ಫೋನ್, ಮೊಬೈಲಿನ ಧ್ವನಿ ರೆಕಾರ್ಡರ್, ಒಂದು 200 ಪುಟದ ನೋಟ್‌ಬುಕ್, ಗೋಡೆಗೆ ಹಾಕುವ ಒಂದು ಕ್ಯಾಲೆಂಡರ್. ಕ್ಯಾಲೆಂಡರ್ ಯಾಕೆ ಅಂತ ಏಳನೇ ಹಂತದಲ್ಲಿ ಗೊತ್ತಾಗುತ್ತದೆ. ಒಂದು ಆ್ಯಪ್ ಇರಲಿ, ಯಾವುದಾದರೂ ಸರಿ, ಆದರೆ ಅದಕ್ಕೆ ದಿನಕ್ಕೆ 10 ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಒಟ್ಟು 40 ನಿಮಿಷ ಸಾಕು, ಆದರೆ ದಿನಾ ಬೇಕು. ಭಾನುವಾರ ನಾಲ್ಕು ಗಂಟೆ ಕೂತು ಉಳಿದ ದಿನ ಬಿಡುವವರು ಯಾರೂ ದಾಟಿದ್ದನ್ನು ನಾನು ನೋಡಿಲ್ಲ.

ಒಂದು ಎಚ್ಚರಿಕೆ. ಇಲ್ಲಿ ಡಚ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಇದು ಊರುಗೋಲು ಅಷ್ಟೇ. ನಿಮ್ಮ ನೋಟ್‌ಬುಕ್‌ನಲ್ಲಿ ಡಚ್ ಕಾಗುಣಿತದಲ್ಲೇ ಬರೆಯಿರಿ, ಪಕ್ಕದಲ್ಲಿ ಕನ್ನಡ ಉಚ್ಚಾರ ಹಾಕಿಕೊಳ್ಳಿ, ಮೂರು ತಿಂಗಳ ಮೇಲೆ ಆ ಪಕ್ಕದ ಸಾಲು ನಿಲ್ಲಿಸಿ.

## ಹಂತ 1: ಯಾಕೆ ಅಂತ ಮೊದಲು ತೀರ್ಮಾನಿಸಿ

ಪರೀಕ್ಷೆಗಾ, ಬದುಕುವುದಕ್ಕಾ, ಕುತೂಹಲಕ್ಕಾ? ಸಂಗಾತಿಯ ಜೊತೆ ಇರಲು ಹೋಗುವ ಕೆಲವರು ಹೊರಡುವ ಮೊದಲೇ ಡಚ್ ಸರ್ಕಾರದ ಒಂದು ಆರಂಭಿಕ ಪರೀಕ್ಷೆ ಬರೆಯಬೇಕು. ಅದರಲ್ಲಿ ಮೂರು ಭಾಗ: ಡಚ್ ಸಮಾಜದ ಬಗ್ಗೆ ತಿಳಿವಳಿಕೆ, ಓದು, ಮಾತು. ಅದಕ್ಕೆ ಸರ್ಕಾರವೇ ಮಾಡಿಸಿದ "ನಾರ್ ನೇದರ್‌ಲಂತ್" ಅನ್ನುವ ಚಿತ್ರ ಮತ್ತು ಪಾಠದ ಸಾಮಗ್ರಿ ಇದೆ. ಹೆಚ್ಚು ನುರಿತ ಕೆಲಸಗಾರರ ವೀಸಾದ ಮೇಲೆ ಹೋಗುವವರಿಗೂ ಅವರ ಮನೆಯವರಿಗೂ ಸಾಮಾನ್ಯವಾಗಿ ಈ ಪರೀಕ್ಷೆ ಬೇಕಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಹಾಗಾಗಿ ವಲಸೆ ಇಲಾಖೆಯಾದ ಐಎನ್‌ಡಿಯ ಪುಟದಲ್ಲೇ ನೋಡಿ, ಸಂಬಂಧಿಕರ ಮಾತು ನಂಬಬೇಡಿ.

ಪರೀಕ್ಷೆ ಬೇಡದವರೂ ಆ ಚಿತ್ರವನ್ನು ಒಮ್ಮೆ ನೋಡುವುದು ಒಳ್ಳೆಯದು. ಮನೆ, ಶಾಲೆ, ವೈದ್ಯರು, ಕೆಲಸ, ಎಲ್ಲದರ ಒಂದು ಅಂದಾಜು ಸಿಗುತ್ತದೆ.

ಇನ್ನೊಂದು ಸಣ್ಣ ವಿಷಯವನ್ನು ಇಲ್ಲೇ ಮುಗಿಸೋಣ. ದೇಶದ ಹೆಸರು ನೆದರ್‌ಲ್ಯಾಂಡ್ಸ್. ಹಾಲೆಂಡ್ ಅಂದರೆ ಅದರ 12 ಪ್ರಾಂತ್ಯಗಳಲ್ಲಿ ಎರಡು ಮಾತ್ರ, ಉತ್ತರ ಹಾಲೆಂಡ್ ಮತ್ತು ದಕ್ಷಿಣ ಹಾಲೆಂಡ್. ದಕ್ಷಿಣದ ಲಿಂಬುರ್ಖ್ ಪ್ರಾಂತ್ಯದವರ ಎದುರು "ನಿಮ್ಮ ಹಾಲೆಂಡ್" ಅಂದರೆ ಹುಬ್ಬಳ್ಳಿಯವರನ್ನು ಬೆಂಗಳೂರಿನವರು ಅಂದ ಹಾಗಾಗುತ್ತದೆ. ಬೆಲ್ಜಿಯಂನ ಉತ್ತರ ಭಾಗದಲ್ಲೂ ಡಚ್ಚೇ ಮಾತಾಡುತ್ತಾರೆ, ಆದರೆ ರಾಗ ಬೇರೆ, ಕೆಲವು ಪದ ಬೇರೆ. ಮೊದಲ ಆರು ತಿಂಗಳು ಒಂದೇ ಕಡೆಯ ಧ್ವನಿ ಕೇಳಿ.

## ಹಂತ 2: ಮೂರು ವಾರ ಬರೀ ಕಿವಿ, ಬಾಯಿ

ಈ ಹಂತ ಬಿಟ್ಟವರೇ ಫೋನಿನಲ್ಲಿ ಸೋಲುವವರು. ಮೊದಲ ಮೂರು ವಾರ ಪದಗಳ ಪಟ್ಟಿ ಬೇಡ, ವ್ಯಾಕರಣ ಬೇಡ.

ಕನ್ನಡ ಗೊತ್ತಿರುವುದರಿಂದ ನಮಗೆ ಇಲ್ಲಿ ಒಂದಿಷ್ಟು ಪುಕ್ಕಟೆ ಲಾಭವಿದೆ. ಡಚ್ಚಿನಲ್ಲಿ ಸ್ವರ ಗಿಡ್ಡವಾದರೆ ಒಂದು ಅರ್ಥ, ಉದ್ದವಾದರೆ ಇನ್ನೊಂದು. "ಮನ್" ಅಂದರೆ ಗಂಡಸು, "ಮಾನ್" ಅಂದರೆ ಚಂದ್ರ. "ಬೊಮ್" ಅಂದರೆ ಬಾಂಬ್, "ಬೋಮ್" ಅಂದರೆ ಮರ. ಹ್ರಸ್ವ ದೀರ್ಘ ಒಂದನೇ ಕ್ಲಾಸಿನಲ್ಲೇ ತಿದ್ದಿಸಿಕೊಂಡ ನಮಗೆ ಇದು ಕಷ್ಟವಲ್ಲ. ಡಬ್ಲ್ಯೂ ಅಕ್ಷರ ನಮ್ಮ "ವ" ಹತ್ತಿರ ಹತ್ತಿರ ಅದೇ, ಇಂಗ್ಲಿಷಿನ ಹಾಗೆ ತುಟಿ ಸುತ್ತಬೇಕಿಲ್ಲ. ಪಿ, ಟಿ, ಕೆ ಅಕ್ಷರಗಳಿಗೆ ಉಸಿರು ಬಿಡುವುದಿಲ್ಲ, ನಮ್ಮ ಪ, ತ, ಕ ಇದ್ದ ಹಾಗೆ.

ತಪ್ಪುವುದು ಎಲ್ಲಿ ಅಂದರೆ:

1. ಟಿ ಅಕ್ಷರ ಕಂಡ ಕೂಡಲೇ "ಟ" ಅನ್ನುತ್ತೇವೆ. ನೀರಿಗೆ "ವಾಟರ್" ಅಲ್ಲ, "ವಾತರ್" ಅನ್ನಿ. ನಾಲಿಗೆ ಮಡಚಬೇಡಿ.

2. ವಿ ಅಕ್ಷರವನ್ನೂ "ವ" ಅಂದುಬಿಡುತ್ತೇವೆ. ಅದು ಬಹಳ ಬಾಯಲ್ಲಿ "ಫ" ಕಡೆಗೆ ವಾಲುತ್ತದೆ. "ವೆತ್" ಅಂದರೆ ಕಾನೂನು, "ಫೆತ್" ಹತ್ತಿರದ ಸದ್ದು ಬಂದರೆ ಕೊಬ್ಬು.

3. ಪದದ ಕೊನೆಗೆ "ಉ" ಸೇರಿಸುತ್ತೇವೆ. ಬಸ್ಸು, ಕಾರು, ಬ್ಯಾಂಕು ಅನ್ನುವ ನಾಲಿಗೆ ನಾಯಿಗೂ "ಹೊಂದು" ಅನ್ನುತ್ತದೆ. ಬರೆಯುವುದು ಕೊನೆಗೆ ಡಿ, ಅನ್ನುವುದು "ಹೊಂತ್". ಅಲ್ಲಿಗೇ ನಿಲ್ಲಿಸಿ.

4. ಜಿ ಅಕ್ಷರ. ಇದು "ಗ" ಅಲ್ಲವೇ ಅಲ್ಲ. ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳನ್ನು ಮೆಲ್ಲಗೆ ಎಬ್ಬಿಸಿದ ಹಾಗೆ ಉಜ್ಜಿ ಬರುವ "ಖ". ಉರ್ದು ಬಲ್ಲವರು "ಖಬರ್" ಅನ್ನುವಾಗ ಬರುತ್ತದಲ್ಲ, ಅದರ ಅಣ್ಣ. ನಾವು ವ್ಯಾನ್ ಗೋ ಅನ್ನುವ ಚಿತ್ರಕಾರನನ್ನು ಅವರು "ಫನ್ ಖೊಖ್" ಅನ್ನುತ್ತಾರೆ. ದಿನಾ ಹತ್ತು ಸಲ ಅವನ ಹೆಸರು ಹೇಳಿ. ಐಂಡ್‌ಹೋವನ್ ಇರುವ ದಕ್ಷಿಣದ ಬ್ರಾಬಂತ್‌ನಲ್ಲಿ, ಲಿಂಬುರ್ಖ್‌ನಲ್ಲಿ ಇದೇ ಅಕ್ಷರ ಮೆತ್ತಗೆ ಬರುತ್ತದೆ. ಗಂಟಲು ನೋಯುವವರಿಗೆ ಅದೇ ಸಾಕು, ಯಾರೂ ನಗುವುದಿಲ್ಲ.

5. ನಮ್ಮಲ್ಲಿ ಇಲ್ಲದ ಸ್ವರಗಳು. ಎರಡು ಯು ಬರೆದಲ್ಲಿ "ಈ" ಅನ್ನುತ್ತಾ ತುಟಿಯನ್ನು ಮಾತ್ರ "ಊ" ಮಾಡಿ. ಇ ಮತ್ತು ಯು ಸೇರಿದಲ್ಲಿ "ಏ" ಅನ್ನುತ್ತಾ ತುಟಿ "ಓ" ಮಾಡಿ. ಯು ಮತ್ತು ಐ ಸೇರಿದ್ದು, ಅಂದರೆ ಮನೆ ಅನ್ನುವ ಪದದಲ್ಲಿ ಬರುವುದು, "ಹೌಸ್" ಅಲ್ಲ, "ಹಾಯ್ಸ್" ಕೂಡ ಅಲ್ಲ, ಎರಡರ ನಡುವೆ ತುಟಿ ಸುತ್ತಿ ಬರುತ್ತದೆ. ಇದನ್ನು ಬರೆದು ಕಲಿಸಲಾಗುವುದಿಲ್ಲ, ಕೇಳಬೇಕು.

ದಿನಾ ಮಾಡಬೇಕಾದ ಕೆಲಸ ಒಂದೇ. ಉಚ್ಚಾರ ಕೊಡುವ ನಿಘಂಟಿನಲ್ಲಿ 10 ಪದ ಕೇಳಿ, ನಿಮ್ಮ ಧ್ವನಿ ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮುಜುಗರ ಆಗುತ್ತದೆ. ಆಗಲಿ.

ಅಪಾಯದ ಸೂಚನೆ: ಪದ ನೋಡಿದರೆ ಅರ್ಥ ಗೊತ್ತು, ಕೇಳಿದರೆ ಗೊತ್ತಿಲ್ಲ. ಹೀಗಾದರೆ ಮುಂದಿನ ಹಂತಕ್ಕೆ ಹೋಗಬೇಡಿ, ಇನ್ನೊಂದು ವಾರ ಇಲ್ಲೇ ಇರಿ.

## ಹಂತ 3: ಅಂಕಿ ಮತ್ತು ಗಂಟೆ

ಡಚ್ಚಿನಲ್ಲಿ 21ಕ್ಕೆ ಇಪ್ಪತ್ತೊಂದು ಅನ್ನುವುದಿಲ್ಲ, "ಒಂದು ಮತ್ತು ಇಪ್ಪತ್ತು" ಅನ್ನುತ್ತಾರೆ. 53 ಅನ್ನಲು "ಮೂರು ಮತ್ತು ಐವತ್ತು". ಕನ್ನಡದ ಕಿವಿ ಮೊದಲು ಕೇಳಿದ ಮೂರನ್ನು ಮೊದಲು ಬರೆಯುತ್ತದೆ, 35 ಆಗಿಬಿಡುತ್ತದೆ. ಹಿಂದಿಯಲ್ಲಿ ಎಣಿಸಲು ಬರುವವರಿಗೆ ಸ್ವಲ್ಪ ಸುಲಭ, ಅಲ್ಲೂ ಚಿಕ್ಕದು ಮೊದಲು ಬರುತ್ತದೆ. ಅಭ್ಯಾಸ ಹೀಗೆ: ಯಾರಿಂದಲಾದರೂ, ಇಲ್ಲದಿದ್ದರೆ ಮೊಬೈಲಿನಿಂದಲೇ, ಎರಡಂಕಿಯ ಸಂಖ್ಯೆ ಓದಿಸಿ. ಎರಡೂ ಅಂಕಿ ಕೇಳಿ ಮುಗಿಯುವವರೆಗೆ ಪೆನ್ನು ಕಾಗದಕ್ಕೆ ತಾಗಿಸಬೇಡಿ. ಬರೆಯುವಾಗ ಇನ್ನೊಂದು ಗೊಂದಲ: ಎರಡೂವರೆ ಯೂರೋ ಅಂದರೆ 2,50. ಅಲ್ಪವಿರಾಮವೇ ದಶಮಾಂಶ ಚಿಹ್ನೆ. ಸಾವಿರಕ್ಕೆ ಚುಕ್ಕೆ, 1.000.

ಇನ್ನು ಗಂಟೆ. "ಹಲ್ಫ್ ದ್ರೀ" ಅಂದರೆ ಪದಕ್ಕೆ ಪದ "ಅರ್ಧ ಮೂರು". ಅರ್ಥ ಎರಡೂವರೆ. ಮೂರಕ್ಕೆ ಅರ್ಧ ಗಂಟೆ ಬಾಕಿ ಅಂತ. ಇದರಲ್ಲಿ ನನ್ನ ಮಾನ ಹೋಗಿದೆ. ಉತ್ರೆಖ್ತ್‌ನ ನಿವೃತ್ತ ಶಿಕ್ಷಕಿಯೊಬ್ಬರು ವಾರಕ್ಕೊಮ್ಮೆ ನನ್ನ ಜೊತೆ ವಿಡಿಯೊದಲ್ಲಿ ಮಾತಾಡಲು ಒಪ್ಪಿದ್ದರು. ಮೊದಲ ದಿನ "ಹಲ್ಫ್ ದ್ರೀ" ಅಂದರು. ನಾನು ಮೂರೂವರೆ ಅಂದುಕೊಂಡೆ, ಬೇಸಿಗೆಯಲ್ಲಿ ನಮ್ಮ ಗಡಿಯಾರ ಅವರಿಗಿಂತ ಮೂರೂವರೆ ಗಂಟೆ ಮುಂದೆ, ಅದನ್ನೂ ಸೇರಿಸಿ ಸಂಜೆ ಏಳಕ್ಕೆ ಶರ್ಟು ಬದಲಾಯಿಸಿ ಕೂತೆ. ಮೊಬೈಲು ನೋಡಿದರೆ ಆರು ಗಂಟೆ ಒಂದು ನಿಮಿಷಕ್ಕೇ "ಇದ್ದೀರಾ?" ಅಂತ ಸಂದೇಶ ಬಂದಿತ್ತು. ಆರು ಹತ್ತಕ್ಕೆ ಇನ್ನೊಂದು: ಬೇರೆ ದಿನ ನೋಡೋಣ, ನನಗೆ ಮೂರು ವಾರದ ನಂತರ ಬಿಡುವಿದೆ. ಕೋಪ ಏನೂ ಇರಲಿಲ್ಲ. ನಿಜವಾಗಿಯೂ ಮೂರು ವಾರ ಬಿಡುವಿರಲಿಲ್ಲ, ಅಷ್ಟೇ.

ಎರಡು ಇಪ್ಪತ್ತೈದಕ್ಕೆ "ಅರ್ಧ ಮೂರಕ್ಕೆ ಐದು ಮುಂಚೆ", ಎರಡು ಮೂವತ್ತೈದಕ್ಕೆ "ಅರ್ಧ ಮೂರು ಆಗಿ ಐದು" ಅನ್ನುತ್ತಾರೆ. ಕಾಗದದ ಮೇಲೆ ಗಡಿಯಾರ ಬರೆದು ಕಲಿಯಿರಿ, ಬಾಯಿಪಾಠ ಮಾಡಿದರೆ ಉಳಿಯುವುದಿಲ್ಲ. ಚಳಿಗಾಲದಲ್ಲಿ ನಮಗೂ ಅವರಿಗೂ ವ್ಯತ್ಯಾಸ ನಾಲ್ಕೂವರೆ ಗಂಟೆ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ.

## ಹಂತ 4: ವಾಕ್ಯಕ್ಕೆ ಕನ್ನಡದಿಂದಲೇ ಹೋಗಿ

ಡಚ್ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂರುವುದು ಇಂಗ್ಲಿಷಿನವರಿಗೆ ತಲೆನೋವು. ನಮಗಲ್ಲ. "ಇಕ್ ವಿಲ್ ಎನ್ ಬೂಕ್ ಲೇಜೆ": ನನಗೆ ಬೇಕು, ಒಂದು ಪುಸ್ತಕ ಓದಬೇಕು. "ಒಮ್‌ದತ್ ಇಕ್ ಎನ್ ಬೂಕ್ ಲೇಸ್": ಯಾಕೆಂದರೆ ನಾನು ಒಂದು ಪುಸ್ತಕ ಓದುತ್ತೇನೆ. ಎರಡನೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ನೋಡಿ, ಕ್ರಮ ಒಂದಿಷ್ಟೂ ಅಲುಗುವುದಿಲ್ಲ. ಇಂಗ್ಲಿಷ್ ಮೂಲಕ ಹೋದರೆ ಈ ಲಾಭ ಕೈ ತಪ್ಪುತ್ತದೆ.

ಆದರೆ ಸರಳ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಕುರ್ಚಿಯಲ್ಲೇ ಇರಬೇಕು. ಮೊದಲ ಕುರ್ಚಿಯಲ್ಲಿ ಯಾರಾದರೂ ಕೂರಲಿ. "ನಾಳೆ" ಅಂತ ಶುರು ಮಾಡಿದರೆ ಮುಂದೆ "ಹೋಗುತ್ತೇನೆ", ಆಮೇಲೆ "ನಾನು": "ಮೊರ್ಖೆ ಖಾ ಇಕ್ ನಾರ್ ಉತ್ರೆಖ್ತ್". "ಮೊರ್ಖೆ ಇಕ್ ಖಾ" ಅನ್ನುವುದು ನಾನು ನೋಡಿದ ಎಲ್ಲ ಹೊಸಬರ ಮೊದಲ ತಪ್ಪು.

ಕ್ರಿಯಾಪದ ಎರಡು ತುಂಡಾಗುವುದೂ ಉಂಟು. ಫೋನ್ ಮಾಡುವುದಕ್ಕೆ "ಒಪ್‌ಬೆಲ್ಲೆ". ವಾಕ್ಯದಲ್ಲಿ "ಇಕ್ ಬೆಲ್ ಯೆ ಮೊರ್ಖೆ ಒಪ್", ನಾಳೆ ನಿನಗೆ ಫೋನ್ ಮಾಡುತ್ತೇನೆ. ಕೊನೆಯ ಆ "ಒಪ್" ಕೇಳುವವರೆಗೆ ಅರ್ಥ ಕಟ್ಟಬೇಡಿ.

ನಾಮಪದಕ್ಕೆ ಮೊದಲು "ದೆ" ಅಥವಾ "ಹೆತ್" ಬರುತ್ತದೆ, ಇಂಗ್ಲಿಷಿನ "ದ" ಇದ್ದ ಹಾಗೆ. ಇದಕ್ಕೆ ಪೂರಾ ನಿಯಮ ಇಲ್ಲ. ಪದದ ಜೊತೆಗೇ ಬಾಯಿಪಾಠ ಮಾಡಿ. ಎರಡು ಮಾತ್ರ ಕಣ್ಣು ಮುಚ್ಚಿ ನಂಬಬಹುದು: ಬಹುವಚನಕ್ಕೆಲ್ಲ "ದೆ", ಕೊನೆಗೆ "ಯೆ" ಸೇರಿ ಪುಟ್ಟದಾದ ಪದಕ್ಕೆಲ್ಲ "ಹೆತ್". ಪುಟ್ಟದು ಮಾಡುವುದು ಅವರಿಗೆ ಬಹಳ ಇಷ್ಟ. ಕಾಫಿ, ಬಿಯರ್, ಹವಾಮಾನ, ಎಲ್ಲವೂ ಪುಟ್ಟದಾಗುತ್ತದೆ. ತಪ್ಪಾದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ, ಇದಕ್ಕಾಗಿ ನಿದ್ದೆ ಕೆಡಬೇಡಿ.

## ಹಂತ 5: ಪಠ್ಯಪುಸ್ತಕ ಬಿಟ್ಟುಬಿಡುವ ಚಿಕ್ಕ ಮಾತುಗಳು

ನನಗೆ ಈ ಭಾಷೆ ಹತ್ತಿರವಾದದ್ದು ಇಲ್ಲಿ. ಡಚ್ ಮಾತಿನಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಪದ ಉದುರುತ್ತಿರುತ್ತವೆ. ಇಂಗ್ಲಿಷಿನಲ್ಲಿ ವಿವರಿಸಲು ಹೋದರೆ ಅರ್ಧ ಪುಟ ಬೇಕು. ಕನ್ನಡದಲ್ಲಿ ಒಂದೊಂದಕ್ಕೆ ಒಂದೊಂದು ಮಾತು ರೆಡಿ ಇದೆ.

"ತೊಖ್" ಅಂದರೆ ಅಲ್ವಾ. ನೀವು ಮೈಸೂರಿನವರು, ಅಲ್ವಾ?

"ಏವೆ" ಅಂದರೆ ಸ್ವಲ್ಪ. "ದೂ ದೆ ದೋರ್ ಏವೆ ದಿಖ್ತ್", ಸ್ವಲ್ಪ ಬಾಗಿಲು ಹಾಕು. ಬಾಗಿಲನ್ನು ಅರ್ಧ ಹಾಕು ಅಂತಲ್ಲ, ನಾವು ಅನ್ನುವ ಹಾಗೇ ಮಾತು ಮೆದು ಮಾಡುವುದಕ್ಕೆ. ಈ "ಏವೆ" ಬಿಟ್ಟು ಹೇಳಿದರೆ ಆಜ್ಞೆ ಮಾಡಿದ ಹಾಗಾಗುತ್ತದೆ. ಡಚ್ ಕಲಿತ ನಮ್ಮವರು ಒರಟಾಗಿ ಕೇಳಿಸುವುದಕ್ಕೆ ಬಹಳ ಸಲ ಇದೇ ಕಾರಣ.

"ಖೆವೋನ್" ಅಂದರೆ ಸುಮ್ನೆ. ಯಾಕೆ ಬಂದೆ? ಸುಮ್ನೆ.

"ಹೋರ್" ಅಂದರೆ ಕಣ್ರೀ, ಕಣೋ. "ಯಾ ಹೋರ್", ಹೂಂ ಕಣ್ರೀ.

"ಮಾರ್" ಎರಡು ಕೆಲಸ ಮಾಡುತ್ತದೆ. ಒಂದು "ಆದರೆ". ಇನ್ನೊಂದು, "ಖಾ ಮಾರ್ ಜಿತ್ತೆ" ಅಂದಾಗ, "ಪರವಾಗಿಲ್ಲ, ಕೂತ್ಕೊಳ್ಳಿ" ಅನ್ನುವುದರಲ್ಲಿರುವ ಪರವಾಗಿಲ್ಲ.

ಇನ್ನೊಂದು ಕ್ರಿಯಾಪದವನ್ನೂ ಇಲ್ಲೇ ಹೇಳಿಬಿಡುತ್ತೇನೆ. "ದತ್ ಲುಕ್ತ್ ನೀತ್", ಆಗಲ್ಲ. ಆಗಲ್ಲ ಅನ್ನುವ ನಮ್ಮ ಮಾತಿನಲ್ಲಿ "ನಾನು" ಅನ್ನುವ ಪದ ಬರುವುದೇ ಇಲ್ಲ ನೋಡಿ, ಅವರದ್ದರಲ್ಲೂ ಇಲ್ಲ. ದಿನಕ್ಕೆ ಒಂದು ಚಿಕ್ಕ ಮಾತು ಹಿಡಿದು ಅದರ ಮೇಲೆ ಐದು ವಾಕ್ಯ ಬರೆಯಿರಿ, ಎರಡು ವಾರದಲ್ಲಿ ನಿಮ್ಮ ಡಚ್‌ಗೆ ಜೀವ ಬರುತ್ತದೆ.

## ಹಂತ 6: ಅವರು ದಿನಾ ನೋಡುವುದನ್ನು ನೀವೂ ನೋಡಿ

ಮಕ್ಕಳ ಸುದ್ದಿ, ಅಂದರೆ "ಯೋಖ್ತ್‌ಜುರ್ನಾಲ್", ಇದರಿಂದ ಶುರು ಮಾಡಿ. ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಒಎಸ್ 1981ರಿಂದ ನಡೆಸುತ್ತಿದೆ. ವಾಕ್ಯ ಚಿಕ್ಕದು, ಮಾತು ಸ್ಪಷ್ಟ, ವಿಷಯ ಮಾತ್ರ ದೊಡ್ಡವರದ್ದೇ. ಸುಲಭ ಭಾಷೆಯ ಸುದ್ದಿಯೂ ಎನ್‌ಒಎಸ್‌ನಲ್ಲಿದೆ. ಮೊದಲ ಸಲ ಅಕ್ಷರ ನೋಡದೆ ಕೇಳಿ, ಎರಡನೇ ಸಲ ಡಚ್ ಸಬ್‌ಟೈಟಲ್ ಹಾಕಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿದ ದಿನ ನೀವು ಇಂಗ್ಲಿಷ್ ಓದಿದ್ದೀರಿ, ಡಚ್ ಕೇಳಿಲ್ಲ. ಟಿವಿ ಕಾರ್ಯಕ್ರಮಗಳು ಕೆಲವು ಹೊರದೇಶದಲ್ಲಿ ತೆರೆಯುವುದಿಲ್ಲ. ಅದರ ಹಿಂದೆ ಬಿದ್ದು ವಾರ ಕಳೆಯಬೇಡಿ, ರೇಡಿಯೊ ಹಾಕಿಕೊಳ್ಳಿ.

ಎರಡನೆಯದು ಸೂಪರ್ ಮಾರ್ಕೆಟ್‌ಗಳ ವಾರದ ರಿಯಾಯಿತಿ ಪತ್ರ. ಆಲ್ಬರ್ಟ್ ಹೈನ್, ಯುಂಬೊ ಎರಡೂ ಆನ್‌ಲೈನ್‌ನಲ್ಲಿ ಹಾಕುತ್ತವೆ. ಚಿತ್ರ ಇದೆ, ಹೆಸರಿದೆ, ಬೆಲೆ ಇದೆ, ಇದಕ್ಕಿಂತ ಒಳ್ಳೆಯ ಬಣ್ಣದ ಪಾಠ ಬೇರೆ ಬೇಕಾ? "ಎರಡನೆಯದು ಅರ್ಧ ಬೆಲೆ" ಅನ್ನುವ ಸಾಲು ದಿನಾ ಬರುತ್ತದೆ. "ಸ್ತಾತಿಖೆಲ್ತ್" ಅಂತ ಕಂಡರೆ ಅದು ಬಾಟಲಿ, ಕ್ಯಾನ್ ವಾಪಸ್ ಕೊಟ್ಟಾಗ ಸಿಗುವ ಠೇವಣಿ. ಸಣ್ಣ ಪ್ಲಾಸ್ಟಿಕ್ ಬಾಟಲಿಗೆ 2021ರಿಂದ, ಕ್ಯಾನ್‌ಗೆ 2023ರಿಂದ 15 ಸೆಂಟ್. ನಮ್ಮ ಸೋಡಾ ಅಂಗಡಿಯ ಲೆಕ್ಕವೇ.

ಮೂರನೆಯದು ಅಡುಗೆ. ಡಚ್ಚಿನಲ್ಲೇ ಬರೆದ "ಹುತ್ಸ್‌ಪೊತ್" ವಿಧಾನ ಹುಡುಕಿ. ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಬೆಣ್ಣೆ, ಉಪ್ಪು, ಮೆಣಸು, ಎಲ್ಲ ನಮ್ಮ ಮಾರ್ಕೆಟ್‌ನಲ್ಲೇ ಸಿಗುತ್ತದೆ, ಮಾಂಸ ಬಿಟ್ಟೂ ಮಾಡಬಹುದು. ಅದರಲ್ಲಿ ಎರಡು ಕ್ರಿಯಾಪದ ಬರುತ್ತದೆ. "ಅಫ್‌ಖೀತೆ", ಅಂದರೆ ಬೆಂದ ನೀರು ಬಸಿಯುವುದು, ನಮ್ಮ ಬಸ್ಸಾರಿನ ಬಸಿ. "ಸ್ತಂಪೆ", ಅಂದರೆ ಮಸೆಯುವುದು, ಮಸ್ಸೊಪ್ಪಿನ ಮಸೆ. ಮಂಡ್ಯ ಮೈಸೂರು ಕಡೆಯವರಿಗೆ ಈ ಎರಡು ಪದ ಜನ್ಮದಲ್ಲಿ ಮರೆಯುವುದಿಲ್ಲ. ರುಚಿ ಸಪ್ಪೆ. ಅವರು ಸಾಸಿವೆ ಪೇಸ್ಟ್ ಹಚ್ಚಿಕೊಳ್ಳುತ್ತಾರೆ. ನಮ್ಮಮ್ಮ ಉಪ್ಪಿನಕಾಯಿ ಹಾಕಿಕೊಂಡರು.

ಹಳೆ ಸಾಮಾನು ಮಾರುವ ಮಾರ್ಕ್ತ್‌ಪ್ಲಾತ್ಸ್ ಜಾಹೀರಾತು ಓದುವುದೂ ಮಜಾ. ಸೈಕಲ್ ಹುಡುಕಿ ನೋಡಿ. ಜನ ನಿಜವಾಗಿ ಬರೆಯುವ ತಪ್ಪು ಒಪ್ಪಿನ ಡಚ್ ಅಲ್ಲಿ ಸಿಗುತ್ತದೆ.

## ಹಂತ 7: ನಡವಳಿಕೆ, ಮನೆಯಲ್ಲೇ ಅಭ್ಯಾಸ ಮಾಡಿ

ಗೋಡೆಯ ಕ್ಯಾಲೆಂಡರ್ ಈಗ ತೆಗೆಯಿರಿ. "ಅಫ್‌ಸ್ಪ್ರಾಕ್", ಅಂದರೆ ಮೊದಲೇ ಗೊತ್ತು ಮಾಡಿದ ಭೇಟಿ, ಇದು ಅಲ್ಲಿನ ಬದುಕಿನ ಬೆನ್ನುಮೂಳೆ. ಗೆಳೆಯನ ಮನೆಗೆ ಕಾಫಿಗೂ ದಿನ, ಗಂಟೆ ಗೊತ್ತು ಮಾಡುತ್ತಾರೆ. ಹೇಳದೆ ಹೋಗುವುದು, ಅದರಲ್ಲೂ ಸಂಜೆ ಆರರ ಹೊತ್ತಿಗೆ ಹೋಗುವುದು ಬೇಡ, ಬಹಳ ಮನೆಗಳಲ್ಲಿ ಅದು ಊಟದ ಹೊತ್ತು. ಆಫೀಸಿನವರು "38ನೇ ವಾರ" ಅಂತ ವಾರದ ಸಂಖ್ಯೆ ಹೇಳಿದರೆ ಗಾಬರಿಯಾಗಬೇಡಿ. ಕ್ಯಾಲೆಂಡರ್ ಮೇಲೆ ವಾರದ ಸಂಖ್ಯೆ ಬರೆದಿಡಿ. ಒಂದು ತಿಂಗಳು ನಿಮ್ಮ ಮನೆಯಲ್ಲೇ ಎಲ್ಲ ಭೇಟಿಯನ್ನೂ ಹೀಗೆ ಬರೆದು, ಐದು ನಿಮಿಷ ಮುಂಚೆ ಸಿದ್ಧವಾಗಿ ನೋಡಿ. ನನಗೆ ಇದು ಆ ಗಂಟಲ ಅಕ್ಷರಕ್ಕಿಂತ ಕಷ್ಟವಾಯಿತು.

ಉಪಚಾರದ ವಿಷಯ. ನಮ್ಮಲ್ಲಿ ಕಾಫಿ ಬೇಕಾ ಅಂದರೆ ಮೊದಲು ಬೇಡ ಅನ್ನಬೇಕು, ಮೂರನೇ ಸಲ "ಸರಿ, ಸ್ವಲ್ಪ" ಅನ್ನಬೇಕು. ಅಲ್ಲಿ ಬೇಡ ಅಂದರೆ ಬೇಡ, ಇನ್ನೊಂದು ಸಲ ಕೇಳುವುದಿಲ್ಲ. ಕಾಫಿ ಜೊತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚುತ್ತಾರೆ ಅನ್ನುವುದು ಡಚ್ಚರೇ ಹೇಳಿಕೊಂಡು ನಗುವ ಮಾತು. ಬೇಕಾದರೆ ಮೊದಲ ಸಲವೇ ಬೇಕು ಅನ್ನಿ.

"ಬರೋಕೆ ಟ್ರೈ ಮಾಡ್ತೀನಿ" ಅಂದರೆ ನಮ್ಮಲ್ಲಿ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅವರು ಅದನ್ನು ನಂಬಿ ಕಾಯುತ್ತಾರೆ. ಆಗದಿದ್ದರೆ "ನೇ, ದತ್ ಲುಕ್ತ್ ನೀತ್" ಅಂತ ಹೇಳಿಬಿಡಿ, ಯಾರೂ ಮುನಿಸಿಕೊಳ್ಳುವುದಿಲ್ಲ. ಹಾಗೇ ಅವರು ನೇರವಾಗಿ ಹೇಳಿದರೆ ನೀವೂ ಮುನಿಸಿಕೊಳ್ಳಬೇಡಿ. ನಾನು ಒಂದು ಪುಟ ಬರೆದು ಕಳಿಸಿದಾಗ ಆ ಶಿಕ್ಷಕಿಯ ಉತ್ತರ ಬಂತು: ಇದು ಚೆನ್ನಾಗಿಲ್ಲ, ಮೂರನೇ ವಾಕ್ಯ ಪೂರ್ತಿ ತಪ್ಪು. ನಮಸ್ಕಾರ ಇಲ್ಲ, ಪ್ರಯತ್ನ ಒಳ್ಳೆಯದು ಅನ್ನುವ ಸಮಾಧಾನವೂ ಇಲ್ಲ. ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದೆ. ಅವರಿಗೆ ಅದು ಗೊತ್ತೂ ಆಗಲಿಲ್ಲ, ಮುಂದಿನ ವಾರ ಎಂದಿನ ಹಾಗೆ ನಗುತ್ತಾ ಬಂದರು. ತಪ್ಪು ತೋರಿಸಿದ್ದು ಬರಹಕ್ಕೆ, ನನಗಲ್ಲ.

ನೀನು, ನೀವು ಅವರಲ್ಲೂ ಇದೆ: "ಯೆ" ಮತ್ತು "ಯು" (ಇದು ಬರೀ ಯು ಅಕ್ಷರ, ಸದ್ದು ಎರಡನೇ ಹಂತದ ತುಟಿ ಸುತ್ತಿದ "ಈ"). ಹೊಸ ಹಿರಿಯರಿಗೆ, ವೈದ್ಯರಿಗೆ "ಯು" ಅನ್ನಿ. ಆದರೆ ಅವರು "ಯೆ" ಅಂತಲೇ ಕರಿ ಅಂದ ಮೇಲೂ "ಯು" ಹಿಡಿದುಕೊಂಡು ಕೂತರೆ ದೂರ ಇಟ್ಟ ಹಾಗಾಗುತ್ತದೆ. ಎಪ್ಪತ್ತು ದಾಟಿದ ಆ ಶಿಕ್ಷಕಿಯನ್ನು ಹೆಸರು ಹಿಡಿದು "ಯೆ" ಅನ್ನಲು ನನಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಮೇಡಂ ಅಂದಾಗೆಲ್ಲ ಅವರು ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ತಿರುಗಿ ನೋಡುವ ನಾಟಕ ಮಾಡುತ್ತಿದ್ದರು.

ಹುಟ್ಟುಹಬ್ಬ ದೊಡ್ಡ ವಿಷಯ. ಬಹಳ ಮನೆಗಳ ಟಾಯ್ಲೆಟ್‌ನಲ್ಲಿ, ಹೌದು ಅಲ್ಲೇ, ಹುಟ್ಟುಹಬ್ಬದ ಕ್ಯಾಲೆಂಡರ್ ನೇತು ಹಾಕಿರುತ್ತಾರೆ. ಅದರಲ್ಲಿ ವಾರ ಇರುವುದಿಲ್ಲ, ತಾರೀಕು ಮಾತ್ರ, ಹಾಗಾಗಿ ವರ್ಷ ವರ್ಷ ಅದೇ ನಡೆಯುತ್ತದೆ. ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಮನೆಯವರೆಲ್ಲರಿಗೂ "ಖೆಫೇಲಿಸಿತೇರ್ತ್" ಅನ್ನಬೇಕು. ಮಗಳ ಹುಟ್ಟುಹಬ್ಬವಾದರೆ ಅಮ್ಮನಿಗೂ ಅಭಿನಂದನೆ. ಒಳಗೆ ಹೋದ ಕೂಡಲೇ ಸುತ್ತ ಕೂತ ಒಬ್ಬೊಬ್ಬರಿಗೂ ಕೈ ಕೊಟ್ಟು ನಿಮ್ಮ ಹೆಸರು ನೀವೇ ಹೇಳಿ. ಯಾರಾದರೂ ಪರಿಚಯ ಮಾಡಿಸಲಿ ಅಂತ ಬಾಗಿಲಲ್ಲಿ ನಿಂತರೆ ನಿಂತೇ ಇರುತ್ತೀರಿ.

ಮಗು ಹುಟ್ಟಿದರೆ ಗರಿಗರಿ ರಸ್ಕಿನಂಥ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಮೇಲೆ ಸಕ್ಕರೆ ಮೆತ್ತಿದ ಸೋಂಪಿನಂಥ ಕಾಳು ಉದುರಿಸಿ ಕೊಡುತ್ತಾರೆ. ನಮ್ಮ ಹೋಟೆಲಿನಲ್ಲಿ ಬಿಲ್ಲಿನ ಜೊತೆ ಬರುವ ಬಣ್ಣದ ಸೋಂಪು ನೆನಪಾಗುತ್ತದೆ.

ಖರ್ಚು ಹಂಚಿಕೊಳ್ಳುವುದಕ್ಕೆ "ತಿಕ್ಕಿ". 2016ರಲ್ಲಿ ಬಂದ ಹಣ ಕೇಳುವ ಆ್ಯಪ್. ಮೂರು ಯೂರೋಗೂ ಲಿಂಕ್ ಬರಬಹುದು. ಅದು ಜಿಪುಣತನ ಅಲ್ಲ, ಲೆಕ್ಕ. ಬಂದ ದಿನವೇ ಕೊಟ್ಟುಬಿಡಿ.

ಅಪಾಯದ ಸೂಚನೆ: "ಡಚ್ಚರು ಹೀಗೇ" ಅಂತ ನಿಮ್ಮ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿದ್ದರೆ ನೀವು ವಿಡಿಯೊ ಜಾಸ್ತಿ ನೋಡಿದ್ದೀರಿ, ಜನರ ಜೊತೆ ಕಡಿಮೆ ಮಾತಾಡಿದ್ದೀರಿ.

## ಹಂತ 8: ಅವರ ವರ್ಷವನ್ನು ನಿಮ್ಮ ಗೋಡೆಗೆ ತನ್ನಿ

ಅದೇ ಕ್ಯಾಲೆಂಡರ್‌ನಲ್ಲಿ ನಾಲ್ಕು ದಿನ ಗುರುತು ಮಾಡಿ. ಏಪ್ರಿಲ್ 27 ರಾಜನ ದಿನ, ಭಾನುವಾರ ಬಿದ್ದರೆ ಹಿಂದಿನ ದಿನ. ಎಲ್ಲ ಕಿತ್ತಳೆ ಬಣ್ಣ, ಮಕ್ಕಳು ಬೀದಿಯಲ್ಲಿ ಚಾದರ ಹಾಸಿ ಹಳೆ ಆಟಿಕೆ ಮಾರುತ್ತಾರೆ. ರಾಜಮನೆತನದವರು ಆ ವರ್ಷ ಹೋದ ಊರಿನಿಂದ ನೇರ ಪ್ರಸಾರ ಇರುತ್ತದೆ, ನೋಡಿ.

ಮೇ 4ರ ರಾತ್ರಿ ಎಂಟಕ್ಕೆ, ನಮಗೆ ಹನ್ನೊಂದೂವರೆಗೆ, ದೇಶ ಎರಡು ನಿಮಿಷ ಮೌನವಾಗುತ್ತದೆ. ಎರಡನೇ ಮಹಾಯುದ್ಧದಲ್ಲೂ ಆಮೇಲಿನ ಯುದ್ಧಗಳಲ್ಲೂ ಸತ್ತವರಿಗಾಗಿ. ಆಮ್‌ಸ್ಟರ್‌ಡ್ಯಾಮ್‌ನ ಡಾಮ್ ಚೌಕದಿಂದ ಪ್ರಸಾರ ಇರುತ್ತದೆ. ಒಂದು ವರ್ಷವಾದರೂ ಎದ್ದಿದ್ದು ನೋಡಿ. ಕಿಕ್ಕಿರಿದ ಚೌಕದಲ್ಲಿ ಅಷ್ಟು ಜನ ನಿಂತಿದ್ದರೂ ಹಕ್ಕಿಯ ಸದ್ದು ಕೇಳಿಸುತ್ತದೆ. ಆ ಹೊತ್ತಿಗೆ ಯಾರಿಗೂ ಫೋನ್ ಮಾಡಬೇಡಿ, ತಮಾಷೆ ವಿಡಿಯೊ ಕಳಿಸಬೇಡಿ. ಮರುದಿನ ಮೇ 5 ಬಿಡುಗಡೆಯ ದಿನ, ಹಾಡು, ಸಂಭ್ರಮ.

ಡಿಸೆಂಬರ್ 5ರ ಸಂಜೆ ಸಿಂತರ್‌ಕ್ಲಾಸ್ ಅನ್ನುವ ಬಿಳಿ ಗಡ್ಡದ ಸಂತನ ಹೆಸರಿನಲ್ಲಿ ಉಡುಗೊರೆ. ಉಡುಗೊರೆಯ ಜೊತೆ ಪ್ರಾಸ ಕಟ್ಟಿದ, ಕಾಲೆಳೆಯುವ ಪದ್ಯ ಬರೆಯುವ ರೂಢಿ ಇದೆ. ನಾಲ್ಕು ಸಾಲು ಬರೆದು ನಿಮ್ಮ ಮಾತಿನ ಜೊತೆಗಾರರಿಗೆ ಕಳಿಸಿ, ವ್ಯಾಕರಣದ ಹತ್ತು ಪಾಠಕ್ಕೆ ಸಮ. ಅವನ ಜೊತೆ ಬರುವ ಪೀತ್ ಅನ್ನುವ ಸಹಾಯಕನ ಮುಖಕ್ಕೆ ಕಪ್ಪು ಬಳಿಯುವುದರ ಬಗ್ಗೆ ವರ್ಷಗಟ್ಟಲೆ ಜಗಳ ನಡೆದಿದೆ. ಈ ವಿಷಯ ಬಂದರೆ ಕೇಳಿಸಿಕೊಳ್ಳಿ, ತೀರ್ಪು ಕೊಡಲು ಹೋಗಬೇಡಿ.

ಬೇಸಿಗೆಯಲ್ಲಿ ಯಾರದೋ ಮನೆಯ ಧ್ವಜಕೋಲಿಗೆ ಸ್ಕೂಲ್ ಬ್ಯಾಗ್ ನೇತಾಡುವ ಚಿತ್ರ ಕಂಡರೆ ಆ ಮನೆಯ ಮಗು ಅಂತಿಮ ಪರೀಕ್ಷೆ ಪಾಸಾಗಿದೆ ಅಂತ. ಚಳಿಗಾಲದಲ್ಲಿ ನಾಲ್ಕು ದಿನ ನೀರು ಹೆಪ್ಪುಗಟ್ಟಿದರೆ ಎಲ್ಲರೂ ಫ್ರೀಸ್‌ಲಂತ್‌ನ ಹನ್ನೊಂದು ಊರಿನ ಸ್ಕೇಟಿಂಗ್ ಓಟದ ಮಾತು ತೆಗೆಯುತ್ತಾರೆ. ಸುಮಾರು 200 ಕಿಲೋಮೀಟರ್. ಕೊನೆಯ ಸಲ ನಡೆದದ್ದು 1997ರಲ್ಲಿ. ಮಾತು ಸಿಗದಿದ್ದರೆ ಇದನ್ನು ಕೇಳಿ, ಅರ್ಧ ಗಂಟೆ ಅವರೇ ಮಾತಾಡುತ್ತಾರೆ.

## ಹಂತ 9: ಈಗ ಮನುಷ್ಯರ ಜೊತೆ

ನಾಲ್ಕನೇ ತಿಂಗಳಿಗಿಂತ ತಡ ಮಾಡಬೇಡಿ. ಭಾಷೆ ವಿನಿಮಯದ ಆ್ಯಪ್‌ಗಳಲ್ಲಿ ಜೊತೆಗಾರರು ಸಿಗುತ್ತಾರೆ. ನೀವೂ ಏನಾದರೂ ಕೊಡಿ, ಇಂಗ್ಲಿಷೋ ಅಡುಗೆಯೋ. ಹಣ ಕೇಳಿದವರನ್ನು, ಮೊದಲ ವಾರವೇ ಪ್ರೀತಿ ಪ್ರೇಮ ಶುರು ಮಾಡಿದವರನ್ನು ಅಲ್ಲಿಗೇ ಬಿಡಿ.

1. ಫೋನ್ ಎತ್ತಿದ ಕೂಡಲೇ ಹಲೋ ಹಲೋ ಅನ್ನಬೇಡಿ. "ಮೆತ್" ಅಂತ ಹೇಳಿ ನಿಮ್ಮ ಹೆಸರು ಹೇಳಿ.

2. ಅವರು ಎರಡನೇ ವಾಕ್ಯಕ್ಕೇ ಇಂಗ್ಲಿಷಿಗೆ ಹಾರುತ್ತಾರೆ. ಎಲ್ಲರಿಗೂ ಆಗುವುದು ಇದೇ, ನಿಮಗೆ ಸಹಾಯ ಮಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. "ಇಕ್ ವಿಲ್ ಖ್ರಾಖ್ ನೇದರ್‌ಲಂತ್ಸ್ ಊಫೆನೆ", ನನಗೆ ಡಚ್ ಅಭ್ಯಾಸ ಮಾಡಬೇಕು ಅಂತ ಹೇಳಿ. ಮತ್ತೆ ಹಾರಿದರೆ ವಾದ ಬೇಡ, ನೀವು ಡಚ್ಚಿನಲ್ಲೇ ಉತ್ತರ ಕೊಡುತ್ತಾ ಹೋಗಿ.

3. ಅರ್ಥವಾಗದಿದ್ದರೆ ತಲೆ ಆಡಿಸಬೇಡಿ. ನಮ್ಮ ಆ ಪಕ್ಕಕ್ಕೆ ಆಡಿಸುವ ತಲೆ ಅವರಿಗೆ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ಸ್ವಲ್ಪ ನಿಧಾನವಾಗಿ ಹೇಳುತ್ತೀರಾ ಅಂತ ಬಾಯಿಬಿಟ್ಟು ಕೇಳಿ.

4. ಮಾತು ಮುಗಿಸುವಾಗ ನಮ್ಮದು ಹೂಂ, ಸರಿ, ಆಯ್ತು, ಇಡ್ತೀನಿ, ಹಾಂ ಅಮ್ಮನಿಗೆ ಹೇಳಿ, ಸರಿ ಸರಿ ಅಂತ ಐದು ನಿಮಿಷ. ಅವರದ್ದು "ದೂಯ್ ದೂಯ್", ಅಷ್ಟೇ, ಎರಡನೇ ದೂಯ್ ಕಿವಿಗೆ ಬೀಳುವಷ್ಟರಲ್ಲಿ ಕಟ್ ಆಗಿರುತ್ತದೆ. ನೀವು ಹೇಳಬೇಕಾದ್ದು ಏನಾದರೂ ಉಳಿದಿದ್ದರೆ ಮೊದಲ ದೂಯ್‌ಗಿಂತ ಮುಂಚೆ ಹೇಳಿ.